ಟ್ಯೂಬಿನೊಳಗೆ ಔಷಧ ಎಷ್ಟಿದೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ ಸೀಮೆಯಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ಔಷಧ ಅಂಗಡಿಯವರು ನೋವಿನ ಮುಲಾಮಿನ ಟ್ಯೂಬುಗಳನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುತ್ತಾರೆ. ದಿನವಿಡೀ ಕೆಸರಿನಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಹಾಕುತ್ತ ಸಸಿ ಊರುವ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತಿಗೆ ಟೊಂಕ ಹಿಡಿದಿರುತ್ತದೆ. ನಾಟಿ ಮುಗಿದು ಹತ್ತಿ ಬಿಡಿಸುವ ಕಾಲ ಬಂತೋ, ನೋವು ಟೊಂಕದಿಂದ ಹೆಗಲಿಗೆ, ಬೆರಳಿನ ಗೆಣ್ಣಿಗೆ ಹೋಗುತ್ತದೆ. ದೇವದುರ್ಗದ ಕಡೆ ಮೆಣಸಿನಕಾಯಿ ಬಿಡಿಸುವವರ ಪಾಡೂ ಇದೇ.

ಚಿಕೂನ್‌ಗುನ್ಯಾ ಬಂದ 2006ನೆಯ ಇಸವಿ ನಮ್ಮ ಭಾಗದವರಿಗೆ ಮರೆತಿರಲಿಕ್ಕಿಲ್ಲ. ಆ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ವಾರದೊಳಗೆ ಇಳಿಯಿತು, ಕೀಲುನೋವು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದ ಜನ ಕಂಡ ಕಂಡ ಎಣ್ಣೆ, ಬಾಮು, ಮುಲಾಮು ತಿಕ್ಕಿಕೊಂಡರು. ಟ್ಯೂಬು ಮನೆಮನೆಯ ಮಾಡು ಸೇರಿದ್ದು ಆಗಲೇ ಎಂದು ನನ್ನ ಅಂದಾಜು.

ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ಒಮ್ಮೆ ಡಾಕ್ಟರು ಬರೆದುಕೊಟ್ಟ ಬಿಳಿ ಜೆಲ್ಲಿನ ಟ್ಯೂಬು ಹಿಡಿದು ಬಂದರು. “ನೋಡ್ರೀ ಮಾಸ್ತರ, ವಾಸ್ನಿ ಇಲ್ಲ, ಉರಿ ಇಲ್ಲ, ಹಚ್ಚಿದ್ದೂ ಗೊತ್ತಾಗಂಗಿಲ್ಲ. ಇದರಾಗ ಔಷಧ ಹಾಕ್ಯಾರೋ ಇಲ್ಲೋ?” ಎಂದು ಕೇಳಿದರು. ಔಷಧ ವಿಶ್ಲೇಷಣೆಯ ಪಾಠ ಹೇಳಿಯೇ ಹೊಟ್ಟೆ ಹೊರೆದವನು ನಾನು. ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿರಲಿಲ್ಲ. ಔಷಧ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಅದನ್ನು ತಿಳಿಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲು ಟ್ಯೂಬಿನ ಮೇಲೆ ಏನು ಬರೆದಿರುತ್ತದೆ ನೋಡೋಣ. ನಮ್ಮಲ್ಲಿ ಹೆಚ್ಚು ಓಡುವ ಬಗೆಯ ಜೆಲ್ಲುಗಳಲ್ಲಿ ನಾಲ್ಕು ಹೆಸರುಗಳಿರುತ್ತವೆ. ಡೈಕ್ಲೋಫೆನಾಕ್ ಡೈಈಥೈಲಮೀನ್ ಶೇಕಡಾ 1.16, ಮೀಥೈಲ್ ಸ್ಯಾಲಿಸಿಲೇಟ್ ಶೇಕಡಾ 10, ಮೆಂಥಾಲ್ ಶೇಕಡಾ 5, ಅಗಸೆ ಎಣ್ಣೆ ಶೇಕಡಾ 3. ಅಗಸಿ ಹಿಂಡಿಯನ್ನು ರೊಟ್ಟಿ ಜೊತೆ ತಿನ್ನುವ ನಮಗೆ ಕೊನೆಯದನ್ನು ಪರಿಚಯ ಮಾಡಿಸಬೇಕಿಲ್ಲ. ಮೊದಲನೆಯ ಅಂಕಿಯನ್ನು ಕಂಡು ಬಹಳ ಜನ ಹುಬ್ಬೇರಿಸುತ್ತಾರೆ. ಒಂದಲ್ಲ, ಒಂದೂಕಾಲಲ್ಲ, 1.16 ಯಾಕೆ? ಡೈಕ್ಲೋಫೆನಾಕ್ ಒಂಟಿಯಾಗಿ ಬರುವುದಿಲ್ಲ, ಲವಣದ ರೂಪದಲ್ಲಿ ಬರುತ್ತದೆ. ಗುಳಿಗೆಯಲ್ಲಿ ಬಹುಮಟ್ಟಿಗೆ ಸೋಡಿಯಂ ಲವಣ, ಅದರ ಅಣುತೂಕ 318. ಜೆಲ್ಲಿನಲ್ಲಿ ಡೈಈಥೈಲಮೀನ್ ಲವಣ, ಅದರದು 369. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ, 1.16 ಬರುತ್ತದೆ. ಅಂದರೆ ಶೇಕಡಾ ಒಂದರಷ್ಟು ಸೋಡಿಯಂ ಲವಣ ಮಾಡುವ ಕೆಲಸಕ್ಕೆ ಈ ಲವಣ ಅಷ್ಟು ಬೇಕು. ಹೀಗಾಗಿ 30 ಗ್ರಾಮಿನ ಟ್ಯೂಬಿನಲ್ಲಿ ಉರಿಯೂತ ತಗ್ಗಿಸುವ ಮೂಲ ಔಷಧ ಇರುವುದು 348 ಮಿಲಿಗ್ರಾಂ. ಅರ್ಧ ಗ್ರಾಮೂ ಇಲ್ಲ. ಮಿಕ್ಕದ್ದು ನೀರು, ಅಂಟು, ಎಣ್ಣೆ, ಘಾಟು.

ಘಾಟು ಎಂದೆನಲ್ಲ, ಜನ ಮೋಸ ಹೋಗುವುದೇ ಅಲ್ಲಿ. ಡೈಕ್ಲೋಫೆನಾಕಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಹಚ್ಚಿದರೆ ಉರಿಯುವುದಿಲ್ಲ. ಮೂಗಿಗೆ ಬಡಿಯುವುದು ಮೀಥೈಲ್ ಸ್ಯಾಲಿಸಿಲೇಟ್, ತಣ್ಣಗೆ ಚುರುಗುಟ್ಟುವುದು ಮೆಂಥಾಲ್. ಡೈಕ್ಲೋಫೆನಾಕನ್ನು ಒಂದು ಚೂರೂ ಹಾಕದೆ ಮಿಕ್ಕ ಎರಡನ್ನು ಭರ್ತಿ ಹಾಕಿದ ಟ್ಯೂಬು ಸಿಕ್ಕರೆ, ಮೂಗು ಅದನ್ನೇ ‘ಭಾರಿ ಔಷಧ’ ಎಂದು ಒಪ್ಪಿಬಿಡುತ್ತದೆ. ಓಣಿಯ ಆ ತಾಯಿ ತಂದ ಜೆಲ್ಲಿನಲ್ಲಿ ಇದ್ದದ್ದು ಡೈಕ್ಲೋಫೆನಾಕ್ ಒಂದೇ. ವಾಸನೆ ಬಾರದಿದ್ದುದು ದೋಷವಲ್ಲ, ಅದರ ಸ್ವಭಾವ.

ಮೂಗನ್ನು ನಂಬಬಾರದು ಅಂದಮೇಲೆ ಯಾವುದನ್ನು ನಂಬಬೇಕು? ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಲ್ಲಿ ಮೇಲೆ ತಂದ ಕಲ್ಲು ನೋಡಿ ಯಾರೂ ಚಿನ್ನ ಎಷ್ಟಿದೆ ಎನ್ನುವುದಿಲ್ಲ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ. ಅದಿರನ್ನು ಪುಡಿಮಾಡಿ, ಎಲ್ಲ ಕಡೆಯಿಂದ ಮಾದರಿ ತೆಗೆದು, ಕರಗಿಸಿ, ಉಳಿದೆಲ್ಲವನ್ನೂ ಬೇರೆ ಮಾಡಿ, ಕೊನೆಗೆ ಉಳಿದ ಚಿನ್ನದ ಕಾಳನ್ನು ತೂಗುತ್ತಾರೆ. ಮುಲಾಮಿಗೂ ಮಾಡುವುದು ಇದನ್ನೇ. ಮಾದರಿ, ಕರಗಿಸುವುದು, ಬೇರ್ಪಡಿಸುವುದು, ಅಳೆಯುವುದು.

ಮಾದರಿ ತೆಗೆಯುವುದೇ ಅರ್ಧ ಕೆಲಸ. ಟ್ಯೂಬಿನ ಬಾಯಲ್ಲಿರುವ ಮುಲಾಮು ಒಣಗಿರುತ್ತದೆ, ಅದನ್ನು ಒತ್ತಿ ಚೆಲ್ಲಬೇಕು. ಆಮೇಲೆ ಮೇಲಿನಿಂದ, ನಡುವಿನಿಂದ, ಬುಡದಿಂದ ಬೇರೆ ಬೇರೆಯಾಗಿ ತೆಗೆದು ನೋಡುವುದು ಒಳ್ಳೆಯ ಪ್ರಯೋಗಾಲಯದ ಲಕ್ಷಣ. ಕಾರ್ಖಾನೆಯಲ್ಲಿ ಕಲಸುವುದು ಸರಿಯಾಗದಿದ್ದರೆ ಮೇಲ್ಭಾಗದಲ್ಲಿ ಔಷಧ ಜಾಸ್ತಿ, ಬುಡದಲ್ಲಿ ಕಮ್ಮಿ ಆಗಬಹುದು. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಲೆಕ್ಕ ಸರಿಹೋದಂತೆ ಕಾಣುತ್ತದೆ. ಹಚ್ಚಿಕೊಳ್ಳುವವರು ಸರಾಸರಿಯನ್ನು ಹಚ್ಚಿಕೊಳ್ಳುವುದಿಲ್ಲವಲ್ಲ!

ಈಗ ತೂಕ. ಗ್ರಾಮಿನ ಹತ್ತುಸಾವಿರದಲ್ಲೊಂದು ಭಾಗವನ್ನೂ ತೋರಿಸುವ ತಕ್ಕಡಿ ಅದು. ಸುತ್ತ ಗಾಜಿನ ಮನೆ, ಫ್ಯಾನಿನ ಗಾಳಿಗೆ ಅಂಕಿ ಕುಣಿಯದಿರಲಿ ಎಂದು. ಚಿಕ್ಕ ಬೀಕರಿನಲ್ಲಿ ಒಂದು ಗ್ರಾಮಿನಷ್ಟು ಜೆಲ್ ತೂಗಿ, ಮೆಥನಾಲ್ ಸುರಿಯುತ್ತಾರೆ. ಜೆಲ್ಲು ಸುಲಭಕ್ಕೆ ಬಗ್ಗುವುದಿಲ್ಲ. ಅಂಟು ಮುದ್ದೆಗಟ್ಟಿ ತಳದಲ್ಲಿ ಕೂತುಬಿಡುತ್ತದೆ, ಔಷಧವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬೀಕರನ್ನು ಶ್ರವಣಾತೀತ ಕಂಪನದ ನೀರಿನ ತೊಟ್ಟಿಯಲ್ಲಿಟ್ಟು, ಆಗಾಗ ಕಲಕುತ್ತ, ಆ ಮುದ್ದೆ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಅವಸರ ಮಾಡಿದರೆ ಒಳ್ಳೆಯ ಔಷಧವೂ ‘ಕಮ್ಮಿ’ ಎಂದು ವರದಿಯಾಗುತ್ತದೆ. ತಪ್ಪು ಕಾರ್ಖಾನೆಯದಲ್ಲ, ಕರಗಿಸಿದವನದು. ಆಮೇಲೆ ಅಳತೆ ಸೀಸೆಗೆ ಸುರಿದು, 100 ಮಿಲಿಲೀಟರಿನ ಗೆರೆಗೆ ಸರಿಯಾಗಿ ತುಂಬಿ, 0.45 ಮೈಕ್ರಾನ್ ರಂಧ್ರಗಳ ಸೋಸುಹಾಳೆಯ ಮೂಲಕ ಹಾಯಿಸಿದರೆ ನೀರಿನಂತೆ ತಿಳಿಯಾದ ದ್ರವ ಸಿಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಸರಿಯಾದ ಜೆಲ್ಲಾಗಿದ್ದರೆ ಅದರಲ್ಲಿ 11.6 ಮಿಲಿಗ್ರಾಂ ಔಷಧ ಇರಬೇಕು.

ಈ ದ್ರವದ 20 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಕಡಿಮೆ, ಯಂತ್ರದೊಳಗೆ ಹೋಗುತ್ತದೆ. ಎಚ್‌ಪಿಎಲ್‌ಸಿ ಎನ್ನುತ್ತಾರೆ ಅದಕ್ಕೆ. ಗೇಣುದ್ದದ ಉಕ್ಕಿನ ಕೊಳವೆ, ಒಳಗೆ ಒತ್ತಿ ತುಂಬಿದ ನುಣ್ಣನೆ ಸಿಲಿಕಾ ಪುಡಿ. ಆ ಪುಡಿಯ ಕಣಗಳಿಗೆ ಎಣ್ಣೆಯಂಥ ಸರಪಳಿಗಳನ್ನು ಅಂಟಿಸಿರುತ್ತಾರೆ. ಮೆಥನಾಲು ಮತ್ತು ಆಮ್ಲೀಯ ನೀರಿನ ಮಿಶ್ರಣವನ್ನು ಪಂಪು ಭಾರಿ ಒತ್ತಡದಲ್ಲಿ ಅದರೊಳಗೆ ನೂಕುತ್ತದೆ. ಎಣ್ಣೆಯ ಕಡೆ ಒಲವು ಹೆಚ್ಚಿದ್ದ ವಸ್ತು ತಡವಾಗಿ ಹೊರಬರುತ್ತದೆ, ಕಮ್ಮಿ ಇದ್ದದ್ದು ಬೇಗ ಬರುತ್ತದೆ. ಮುಲಾಮು ಕೆಡದಂತೆ ಹಾಕುವ ಬೆಂಜೈಲ್ ಆಲ್ಕೊಹಾಲ್ ಮೊದಲು ಹೊರಟುಬಿಡುತ್ತದೆ, ಹಿಂದೆ ಮೀಥೈಲ್ ಸ್ಯಾಲಿಸಿಲೇಟ್, ಕೊನೆಗೆ ಡೈಕ್ಲೋಫೆನಾಕ್. ಬಾಗಿಲಲ್ಲಿ ಅತಿನೇರಳೆ ಬೆಳಕು ಕಾವಲಿದೆ. 254 ನ್ಯಾನೊಮೀಟರ್ ತರಂಗದ ಆ ಬೆಳಕನ್ನು ಯಾವ ವಸ್ತು ಎಷ್ಟು ನುಂಗಿತು ಎಂಬುದನ್ನು ಗಣಕಯಂತ್ರ ಗುಡ್ಡಗಳ ಹಾಗೆ ಬರೆದು ತೋರಿಸುತ್ತದೆ. ಗುಡ್ಡ ದೊಡ್ಡದಿದ್ದಷ್ಟೂ ವಸ್ತು ಹೆಚ್ಚು.

ಗುಡ್ಡಕ್ಕೆ ತಾನೇ ತಾನಾಗಿ ಬೆಲೆ ಇಲ್ಲ. ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಔಷಧದ ಗುಡ್ಡ ಇರಬೇಕು, ಅದಕ್ಕೆ ಹೋಲಿಸಬೇಕು. ಆ ಮಾನಕ ಪುಡಿಯನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯ ಆಯೋಗ ಪುಟ್ಟ ಸೀಸೆಗಳಲ್ಲಿ ಒದಗಿಸುತ್ತದೆ. ಮಾನಕದ ಗುಡ್ಡ 100 ಎಂದಿಟ್ಟುಕೊಂಡರೆ ನಮ್ಮ ಜೆಲ್ಲಿನದು 93 ಬಂತೆನ್ನಿ, ಲೇಬಲ್ಲಿನಲ್ಲಿ ಹೇಳಿದ್ದರ ಶೇಕಡಾ 93 ಇದೆ ಎಂದಾಯಿತು. ಇಂಥ ಔಷಧಗಳಿಗೆ ಸಾಮಾನ್ಯವಾಗಿ 90ರಿಂದ 110ರ ಎಲ್ಲೆ ಇರುತ್ತದೆ, ಆದ್ದರಿಂದ ಪಾಸು. 84 ಬಂದರೆ ನಪಾಸು, ಸರ್ಕಾರಿ ಭಾಷೆಯಲ್ಲಿ ‘ನಿಗದಿತ ಗುಣಮಟ್ಟದ್ದಲ್ಲ’.

ಇಷ್ಟು ಬೇರ್ಪಡಿಸುವ ರಾಮಾಯಣ ಯಾಕೆ, ನೇರವಾಗಿ ಬೆಳಕು ಬಿಟ್ಟು ನೋಡಬಾರದೇ ಎಂದು ಹುಡುಗರು ಕೇಳುತ್ತಿದ್ದರು. ನೋಡಬಹುದು, ಆದರೆ ಬೆಳಕಿಗೆ ಭೇದ ತಿಳಿಯುವುದಿಲ್ಲ. ಮೀಥೈಲ್ ಸ್ಯಾಲಿಸಿಲೇಟ್ ನುಂಗಿದ ಬೆಳಕನ್ನೂ ಡೈಕ್ಲೋಫೆನಾಕಿನ ಖಾತೆಗೆ ಜಮಾ ಮಾಡಿಬಿಡುತ್ತದೆ. ಕೆಟ್ಟುಹೋದ ಔಷಧದ ತುಣುಕುಗಳನ್ನೂ ಒಳ್ಳೆಯ ಔಷಧವೆಂದೇ ಎಣಿಸುತ್ತದೆ. ಹಳತಾಗಿ ಕೆಟ್ಟ ಟ್ಯೂಬು ಆಗ ಹೊಸದರಷ್ಟೇ ಅಂಕ ಪಡೆಯಬಹುದು.

ಇನ್ನೊಂದು ಸೊಗಸು ಕೇಳಿ. ಘಮ್ಮೆಂದು ಊರಿಗೆಲ್ಲ ಸಾರುವ ಮೆಂಥಾಲ್ ಈ ಯಂತ್ರಕ್ಕೆ ಕಾಣುವುದೇ ಇಲ್ಲ! ಅತಿನೇರಳೆ ಬೆಳಕನ್ನು ನುಂಗುವಂಥ ಕಟ್ಟೋಣ ಅದರ ಅಣುವಿನಲ್ಲಿಲ್ಲ. ಮೂಗಿಗೆ ತಿಳಿಯದ ಡೈಕ್ಲೋಫೆನಾಕ್ ಯಂತ್ರಕ್ಕೆ ದೊಡ್ಡ ಗುಡ್ಡ, ಮೂಗಿಗೆ ರಾಚುವ ಮೆಂಥಾಲ್ ಯಂತ್ರಕ್ಕೆ ಬಯಲು. ಅದಕ್ಕೆ ಬೇರೆ ಯಂತ್ರ ಬೇಕು, ಅನಿಲ ಕ್ರೊಮಟೋಗ್ರಾಫ್. ದ್ರಾವಣವನ್ನು ಬಿಸಿಯಲ್ಲಿ ಆವಿ ಮಾಡಿ, ಹತ್ತಾರು ಮೀಟರ್ ಉದ್ದದ ಕೂದಲಂಥ ಕೊಳವೆಯ ಸುರುಳಿಯಲ್ಲಿ ಓಡಿಸಿ, ಕೊನೆಯಲ್ಲಿ ಜಲಜನಕದ ಪುಟ್ಟ ಜ್ವಾಲೆಯಲ್ಲಿ ಸುಡುತ್ತಾರೆ. ಸುಟ್ಟಾಗ ಹುಟ್ಟುವ ವಿದ್ಯುತ್ತಿನ ಅಳತೆಯೇ ಮೆಂಥಾಲಿನ ಅಳತೆ. ಕರ್ಪೂರಕ್ಕೂ ನೀಲಗಿರಿ ಎಣ್ಣೆಗೂ ಇದೇ ದಾರಿ. ಡಬ್ಬಿಯ ಮೇಲೆ ಆಯುರ್ವೇದದ ಲೇಬಲ್ಲಿದ್ದು ‘ಗಂಧಪುರ ತೈಲ’, ‘ಪುದೀನಾ ಸತ್ವ’ ಎಂದು ಬರೆದಿದ್ದರೂ ಸುರುಳಿಯ ಕೊನೆಗೆ ಏಳುವ ಗುಡ್ಡಗಳು ಮೀಥೈಲ್ ಸ್ಯಾಲಿಸಿಲೇಟಿನವು, ಮೆಂಥಾಲಿನವು. ಯಂತ್ರಕ್ಕೆ ಪದ್ಧತಿಗಳ ಪಕ್ಷಪಾತವಿಲ್ಲ.

ಮೆಣಸಿನಕಾಯಿಯ ವಿಷಯ ಬಿಟ್ಟು ಮುಂದೆ ಹೋದರೆ ನಮ್ಮ ಜಿಲ್ಲೆಯ ರೈತರು ಒಪ್ಪುವುದಿಲ್ಲ. ದೇವದುರ್ಗ, ಮಾನ್ವಿ, ರಾಯಚೂರು ತಾಲೂಕುಗಳ ಒಣಮೆಣಸಿನಕಾಯಿ ಗಾಡಿಗಟ್ಟಲೆ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಅದರ ಖಾರದ ಮೂಲವಾದ ಕ್ಯಾಪ್ಸೈಸಿನ್ ನೋವಿನ ಔಷಧವೂ ಹೌದು. ಕೆಲವು ಜೆಲ್ಲುಗಳಲ್ಲಿ ಅದು ಶೇಕಡಾ 0.025ರಷ್ಟು ಇರುತ್ತದೆ. ಲೆಕ್ಕ ಹಾಕಿ ನೋಡಿ. 30 ಗ್ರಾಮಿನ ಟ್ಯೂಬಿಗೆ ಏಳೂವರೆ ಮಿಲಿಗ್ರಾಂ. ಸಾಕಷ್ಟು ಖಾರದ ತಳಿಯದಾದರೆ ನಾಲ್ಕು ಗ್ರಾಂ ಒಣಮೆಣಸಿನಕಾಯಿಯಲ್ಲಿ ಅಷ್ಟು ಸಿಕ್ಕೀತು. ಬ್ಯಾಡಗಿ ತಳಿ ಬಣ್ಣಕ್ಕೆ ಹೆಸರಾದದ್ದು, ಖಾರದಲ್ಲಿ ಹಿಂದೆ. ಅದರಿಂದ ಇಷ್ಟೇ ತೆಗೆಯಬೇಕಾದರೆ ಕಾಯಿ ಜಾಸ್ತಿ ಬೇಕು.

ಖಾರವನ್ನು ಅಳೆಯುವ ವಿದ್ಯೆ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ನೋವಿನ ಔಷಧದ ಕಂಪನಿಯಲ್ಲಿ. 1912ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿಯಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞರಿದ್ದರು. ಸ್ನಾಯುನೋವಿಗೆ ಹಚ್ಚುವ ಔಷಧಕ್ಕೆ ಮೆಣಸಿನಕಾಯಿಯ ಸತ್ವ ಬೇಕಿತ್ತು. ಒಂದು ಸಲದ ಕಾಯಿ ಸೌಮ್ಯ, ಇನ್ನೊಂದು ಸಲದ್ದು ಬೆಂಕಿ. ಸ್ಕೋವಿಲ್ ಅದರ ಸತ್ವವನ್ನು ಸಕ್ಕರೆ ನೀರಿನಲ್ಲಿ ಬೆರೆಸುತ್ತ ಹೋದರು, ರುಚಿ ನೋಡುವವರಿಗೆ ಖಾರ ತಿಳಿಯದಷ್ಟು ತೆಳುವಾಗುವವರೆಗೆ. ಎಷ್ಟು ಪಟ್ಟು ನೀರು ಬೆರೆಸಬೇಕಾಯಿತೋ ಅದೇ ಖಾರದ ಅಂಕಿ. ಆದರೆ ನಾಲಿಗೆಯೂ ಮೂಗಿನ ಅಣ್ಣತಮ್ಮನೇ. ಎರಡು ಸಲ ಖಾರ ಸವಿದ ನಾಲಿಗೆ ಮೂರನೆಯ ಸಲ ಮರಗಟ್ಟಿರುತ್ತದೆ, ಒಬ್ಬನ ನಾಲಿಗೆಯ ಲೆಕ್ಕ ಇನ್ನೊಬ್ಬನದಕ್ಕೆ ತಾಳೆಯಾಗುವುದಿಲ್ಲ. ಇವತ್ತು ಅದೇ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಕ್ಯಾಪ್ಸೈಸಿನ್ ಅಳೆದು, ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಸುಮಾರು 16ರಂತೆ ಗುಣಿಸಿ ಸ್ಕೋವಿಲ್ ಅಂಕಿಗೆ ತರುತ್ತಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಗಳ ಕೀಟನಾಶಕ ಉಳಿಕೆ ನೋಡುವ ಪ್ರಯೋಗಾಲಯ ಇದೆಯಲ್ಲ, ಅಲ್ಲಿಯ ಯಂತ್ರಗಳೂ ಇದೇ ವಂಶದವು. ಹುಡುಕುವ ವಸ್ತು ಮಾತ್ರ ಬೇರೆ.

ಖಾರ ಹಚ್ಚಿದರೆ ನೋವು ಹೇಗೆ ಇಳಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ತೀರ ಈಚೆಗೆ. ನರದ ತುದಿಯಲ್ಲಿ ಒಂದು ಬಾಗಿಲಿದೆ. ಸುಮಾರು 43 ಡಿಗ್ರಿ ಬಿಸಿ ತಾಗಿದಾಗ ಅದು ತೆರೆದು ‘ಸುಡುತ್ತಿದೆ’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಬಿಸಿ ಇಲ್ಲದಿದ್ದರೂ ಕ್ಯಾಪ್ಸೈಸಿನ್ ಆ ಬಾಗಿಲನ್ನು ತೆರೆಯಬಲ್ಲದು. ಮತ್ತೆ ಮತ್ತೆ ಹಚ್ಚಿದರೆ ನರದ ತುದಿ ದಣಿದು ಸುದ್ದಿ ಕಳಿಸುವುದನ್ನು ಕಮ್ಮಿ ಮಾಡುತ್ತದೆ. 1997ರಲ್ಲಿ ಈ ಬಾಗಿಲನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಖಾರದ ಜೆಲ್ ಹಚ್ಚಿಕೊಂಡು ಬಿಸಿನೀರು ಸುರಿದುಕೊಂಡವರು ಯಾಕೆ ಕಿರುಚುತ್ತಾರೆ ಎಂಬುದೂ ಇದರಿಂದ ತಿಳಿಯುತ್ತದೆ. ಖಾರವೂ ಬಿಸಿಯೂ ಒಂದೇ ಬಾಗಿಲನ್ನು ನೂಕುತ್ತಿರುತ್ತವೆ.

ಡೈಕ್ಲೋಫೆನಾಕಿನ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಮಂಡಿಸವೆತದ ನೋವಿಗೆ ಜೆಲ್ ಹಚ್ಚಿದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಟ್ಟುಗೂಡಿಸಿ ನೋಡಿತು. ಔಷಧವಿದ್ದ ಜೆಲ್ ಹಚ್ಚಿದವರಲ್ಲಿ ಹತ್ತರಲ್ಲಿ ಸುಮಾರು ಆರು ಜನಕ್ಕೆ ನೋವು ಚೆನ್ನಾಗಿ ತಗ್ಗಿತ್ತು. ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಐದು ಜನಕ್ಕೆ! ತಿಕ್ಕಿದ ಕೈಗೂ ನಂಬಿಕೆಗೂ ಅಷ್ಟು ಪಾಲು. ಆದರೂ ಆ ಹೆಚ್ಚಿನ ಒಬ್ಬನಿಗೆ ಬೆಲೆಯಿದೆ. ಗುಳಿಗೆ ನುಂಗಿದ್ದಕ್ಕೆ ಹೋಲಿಸಿದರೆ ಜೆಲ್ಲಿನಿಂದ ರಕ್ತ ಸೇರುವುದು ಶೇಕಡಾ ಆರರಷ್ಟು, ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಕಾಟ ಅಷ್ಟರಮಟ್ಟಿಗೆ ಕಮ್ಮಿ. ಘಾಟಿನ ಸ್ಯಾಲಿಸಿಲೇಟ್ ಮುಲಾಮುಗಳ ಬಗ್ಗೆ ಅದೇ ಸಂಸ್ಥೆ 2014ರಲ್ಲಿ ನೋಡಿದಾಗ ಸಿಕ್ಕ ಪುರಾವೆ ಬಹಳ ಬಡವಾಗಿತ್ತು. ಮೂಗು ಮೆಚ್ಚುವುದಕ್ಕೂ ಮಂಡಿ ಮೆಚ್ಚುವುದಕ್ಕೂ ಸಂಬಂಧ ಕಡಿಮೆ.

ಜಾನುವಾರು ಸಾಕಿದವರಿಗೆ ಒಂದು ಮಾತು. ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು 2004ರಲ್ಲಿ ಪತ್ತೆಯಾಯಿತು. ಪತ್ತೆ ಮಾಡಿದ್ದೂ ಪ್ರಯೋಗಾಲಯವೇ, ಸತ್ತ ಹದ್ದಿನ ಮೂತ್ರಪಿಂಡದಲ್ಲಿ ಈ ಔಷಧದ ಉಳಿಕೆ ಅಳೆದು. 2006ರಲ್ಲಿ ದನಗಳಿಗೆ ಇದನ್ನು ಬಳಸುವುದನ್ನು ಭಾರತ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗೆಂದೇ ಧಾಮ ಮಾಡಬೇಕಾದ ಕಾಲ ಬಂದದ್ದರ ಹಿಂದೆ ಈ ಕಥೆಯೂ ಇದೆ. ಮನುಷ್ಯರ ಡೈಕ್ಲೋಫೆನಾಕನ್ನು ಎತ್ತಿಗೆ ಕೊಡಿಸಬೇಡಿ.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಕೇಳಿ. ಗಂಧಪುರ ತೈಲ, ಅಂದರೆ ಬಹುಪಾಲು ಶುದ್ಧ ಮೀಥೈಲ್ ಸ್ಯಾಲಿಸಿಲೇಟ್, ಒಂದು ಚಹಾ ಚಮಚದಷ್ಟು ಹೊಟ್ಟೆಗೆ ಹೋದರೆ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಆಸ್ಪಿರಿನ್ ಗುಳಿಗೆ ನುಂಗಿದ ಹಾಗೆ. ಎಳೆಯ ಮಗುವಿನ ಜೀವಕ್ಕೆ ಅಷ್ಟು ಸಾಕು. ಕರ್ಪೂರ ನುಂಗಿದ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಸಿಹಿ ವಾಸನೆಯ ಎಣ್ಣೆ ಬಾಟಲಿಯನ್ನು ತೊಟ್ಟಿಲ ಪಕ್ಕದ ಕಿಟಕಿಯಲ್ಲಿ ಇಡುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಬೇಕು. ಬೇಸಿಗೆಯಲ್ಲಿ ನಮ್ಮ ತಗಡಿನ ಮನೆಯೊಳಗೆ ಕಾವು ಎಷ್ಟಿರುತ್ತದೆ ಎಂದು ಹೇಳಬೇಕಿಲ್ಲ. ಟ್ಯೂಬಿನ ಮೇಲೆ 30 ಡಿಗ್ರಿ ಮೀರಬಾರದು ಎಂದಿರುತ್ತದೆ. ಮಣ್ಣಿನ ಗೋಡೆಯ ಒಳಮಾಡು ವಾಸಿ, ಟ್ರ್ಯಾಕ್ಟರಿನ ಡಬ್ಬಿ ಬೇಡ.

ಇನ್ನು ಅಳೆಯುವವರು ಯಾರು? 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಔಷಧ ನಿರೀಕ್ಷಕರು ಅಂಗಡಿಯಲ್ಲಿ ಹಣ ಕೊಟ್ಟು ಮಾದರಿ ಕೊಳ್ಳುತ್ತಾರೆ. ಅದನ್ನು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕಾಗಿ, ತಯಾರಕರ ವಿವರ ಸಿಕ್ಕಿದ್ದರೆ ಅವರಿಗೂ ಒಂದು. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿವೆ. ನಮಗೆ ಹತ್ತಿರದ್ದು ಬಳ್ಳಾರಿ. ವರದಿ ಒಪ್ಪದವರು 28 ದಿನಗಳೊಳಗೆ ತಕರಾರು ತೆಗೆಯಬಹುದು. ಆಗ ಕೋರ್ಟಿನಲ್ಲಿರುವ ಭಾಗ ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಯ ಮಾತೇ ಕೊನೆ. ನನ್ನ ದೂರು ಒಂದೇ. ಸಾವಿರಾರು ಔಷಧಗಳ ನಡುವೆ ಮಾದರಿ ತೆಗೆಯುವ ಕೈ ಮೊದಲು ಚುಚ್ಚುಮದ್ದಿಗೆ, ಪ್ರತಿಜೈವಿಕಕ್ಕೆ ಹೋಗುತ್ತದೆ, ಹೋಗಬೇಕಾದದ್ದೂ ಸರಿಯೇ. ಹಚ್ಚುವ ಮುಲಾಮಿನ ಸರದಿ ಕೊನೆಗೆ. ಕೂಲಿಕಾರ ಹೆಣ್ಣುಮಗಳ ಕೈಯಿಂದ ಹೆಚ್ಚು ದುಡ್ಡು ಹೋಗುವುದು ಮಾತ್ರ ಆ ಮುಲಾಮಿಗೇ.

ಆದರೆ ಅದೇ ಕಾಯ್ದೆಯಲ್ಲಿ 26ನೆಯ ಕಲಂ ಇದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಔಷಧ ಕೊಂಡ ಯಾರೇ ಆಗಲಿ, ಮಾನ್ಯತೆ ಪಡೆದ ಗ್ರಾಹಕರ ಸಂಘವೇ ಆಗಲಿ, ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರು ಸಹಿ ಮಾಡಿದ ವರದಿ ಪಡೆಯಬಹುದು. ಅರ್ಜಿಯ ನಮೂನೆ 14-ಎ, ವರದಿ ಬರುವುದು 14-ಬಿ ನಮೂನೆಯಲ್ಲಿ. ಒಬ್ಬೊಬ್ಬರೇ ಹೋಗುವುದು ಕಷ್ಟವಾದರೆ ಸ್ತ್ರೀಶಕ್ತಿ ಸಂಘದ ಹತ್ತು ಜನ ಸೇರಿ ಒಬ್ಬರ ಹೆಸರಿನಲ್ಲಿ ಒಂದು ಅರ್ಜಿ ಹಾಕಬಹುದು. ಓಣಿಯ ಆ ತಾಯಿಗೂ ನಾನು ಹೇಳಿದ್ದು ಇಷ್ಟೇ. ಅನುಮಾನವಿದ್ದರೆ ಒಡೆಯದ ಟ್ಯೂಬು ಬೇಕು, ಹಚ್ಚಿ ಹಿಂಡಿದ್ದು ನಡೆಯುವುದಿಲ್ಲ. ಡಬ್ಬ ಚೆಲ್ಲಬೇಡಿ, ಬ್ಯಾಚ್ ನಂಬರು ಅದರ ಮೇಲೂ ಇರುತ್ತದೆ. ಅಂಗಡಿಯಲ್ಲಿ ಬಿಲ್ಲು ಕೇಳಿ ಪಡೆಯಿರಿ. ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ.